ಶೌಕತ ಟೇಲರನ ಪೋರ್ಟ್ರೇಟ್ ಪ್ರತಾಪ

ಶೌಕತನ ಹೆಸರು ಪೇಪರಿನಲ್ಲಿ ಬಂದ ದಿನ ಅವನ ಮನೆಯಲ್ಲಿ ಸಂಭ್ರಮ ಇತ್ತು. ಸುಮಾರು ನಾಲ್ಕು ನಿಮಿಷ ಇತ್ತು. ಐದನೇ ನಿಮಿಷಕ್ಕೆ ಅವನ ಕಣ್ಣು ಹೆಸರಿನ ಹಿಂದೆ ಅಂಟಿಕೊಂಡಿದ್ದ ಒಂದು ಸಣ್ಣ ಮರಾಠಿ ಶಬ್ದದ ಮೇಲೆ ಬಿತ್ತು. ಅಲ್ಲಿಗೆ ಸಂಭ್ರಮ ಮುಗಿಯಿತು.

ಅದು ೧೯೯೭ನೇ ಇಸವಿ. ಸಾಂಗ್ಲಿಯ ಮರಾಠಿ ಪತ್ರಿಕೆಯೊಂದು ಫೋಟೊ ಸ್ಪರ್ಧೆ ಇಟ್ಟಿತ್ತು. ಅದರಲ್ಲಿ ಗಡಿಯೂರು ಜತ್ತದ ಲೇಡೀಸ್ ಆ್ಯಂಡ್ ಜೆಂಟ್ಸ್ ಟೇಲರ ಶೌಕತನಿಗೆ ಮೂರನೇ ಬಹುಮಾನ. ಫೋಟೊ ಅಚ್ಚಾಗಿತ್ತು, ಹೆಸರೂ ಅಚ್ಚಾಗಿತ್ತು, ಎರಡರ ನಡುವೆ ‘ಹೌಶಿ ಛಾಯಾಚಿತ್ರಕಾರ’, ಅಂದರೆ ಹವ್ಯಾಸಿ, ಎಂಬುದೂ ಅಚ್ಚಾಗಿತ್ತು.

"ನೋಡಿದೇನು, ಹೌಶಿ ಅಂತ ಬರದಾರ!" ಎಂದು ಶೌಕತ ಪೇಪರನ್ನು ಹೆಂಡತಿಯ ಮುಂದೆ ಹಿಡಿದ.

ನೂರಜಹಾನ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ನೋಡಿದಳು. "ಹೌದಲ್ರಿ. ಹೌಸಿಗೆ ಫೋಟೊ ತಗಿತೀರಿ, ಹೌಶಿ ಅಂತ ಬರದಾರ. ಸುಳ್ಳೇನ ಬರದಾರ?"

"ಹೌಸಿಗೆ ಮಂದಿ ಪಾರಿವಾಳ ಸಾಕತಾರ. ನಾ ಮಾಡೂದು ಕಲಾ!"

"ಮಾಡ್ರಿ, ಯಾರ ಬ್ಯಾಡ ಅಂದಾರ? ಮದಲ ಆ ಸಾಲಿ ಬಾಯಾರ ಬ್ಲೌಸಿಗೆ ಹುಕ್ಕು ಹಚ್ಚರಿ. ಪಾಪ, ಮೂರ ಸಲ ಬಂದು ಹೋಗ್ಯಾರ."

(ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಈ ಮನೆಯಲ್ಲಿ ಮೂರು ಭಾಷೆಗಳ ಕಾರಭಾರ ನಡೆಯುತ್ತಿತ್ತು: ಸರ್ಕಾರಿ ಅರ್ಜಿಗೆ ಮರಾಠಿ, ಪ್ರೀತಿಗೆ ದಖನಿ, ಜಗಳಕ್ಕೆ ಕನ್ನಡ. ನೂರಜಹಾನಳ ತವರು ಕನ್ನಡ ಮಾತಾಡುವ ಬಿಳೂರ. ಅಲ್ಲಿ ಹುಟ್ಟಿ ಬೆಳೆದವರಿಗೆ ಬೇರೆ ಭಾಷೆಯಲ್ಲಿ ಜಗಳವಾಡಿದರೆ ಹೊಟ್ಟೆ ತುಂಬುವುದಿಲ್ಲ. ಮುಂದೆ ಬರುವ ಮಾತುಕತೆಯೆಲ್ಲ ಕನ್ನಡದಲ್ಲೇ ಇರುವುದರಿಂದ ಪರಿಸ್ಥಿತಿ ಹೇಗಿತ್ತೆಂದು ಬೇರೆ ವಿವರಿಸಬೇಕಾಗಿಲ್ಲ.)

ಕ್ಯಾಮೆರಾ ಬಂದದ್ದು ನಾಲ್ಕು ವರ್ಷದ ಹಿಂದೆ. ನೂರಜಹಾನಳ ತಮ್ಮ ಸಲೀಮ ಮಸ್ಕತ್ತಿನಿಂದ ಊರಿಗೆ ಬಂದಾಗ ಅತ್ತರು, ಖರ್ಜೂರದ ಜೊತೆಗೆ ಅದನ್ನೂ ತಂದಿದ್ದ. ಜಾಣ ಕ್ಯಾಮೆರಾ. ಬೆಳಕಿನ ಲೆಕ್ಕವನ್ನೆಲ್ಲ ತಾನೇ ಹಾಕಿಕೊಳ್ಳುತ್ತಿತ್ತು, ಒತ್ತುವವನು ಒತ್ತಿದರೆ ಸಾಕು. ಶೌಕತ ಒತ್ತಿದ. ಮೊದಲ ವರ್ಷ ಕಂಡಕಂಡವರನ್ನೆಲ್ಲ ಒತ್ತಿದ. ಆದರೆ ಇಪ್ಪತ್ತು ವರ್ಷ ಟೇಪು ಹಿಡಿದ ಕಣ್ಣು, ಕುತ್ತಿಗೆಯಿಂದ ಮೇಲಕ್ಕೆ ಏರಲು ಒಪ್ಪುತ್ತಿರಲಿಲ್ಲ.

"ಇವರ್ಯಾರ್ರಿ?" ಎಂದು ನೂರಜಹಾನ ಒಂದು ಫೋಟೊ ಹಿಡಿದು ಕೇಳಿದ್ದಳು.

"ಪೋಸ್ಟ್ ಮಾಸ್ತರ."

"ತಲಿ ಎಲ್ಲೈತಿ?"

"ತಲಿ ಇರಲಿ, ಕಾಲರ ನೋಡು! ಎರಡೂ ಕಡೆ ಒಂದು ದಾರದಷ್ಟೂ ಫರಕಿಲ್ಲ!"

ಬಹುಮಾನ ಬಂದ ಫೋಟೊದಲ್ಲಿ ಮಾತ್ರ ತಲೆ ಪೂರ್ತಿ ಇತ್ತು. ಅದು ಕುರಿ ಕಾಯುವ ಅಮೋಘಸಿದ್ದಪ್ಪನದು. ಮುಖದ ತುಂಬ ಸುಕ್ಕು, ಸುಕ್ಕಿನ ತುಂಬ ಬಿಸಿಲು. ನೋಡಿದವರು ಆಹಾ ಎನ್ನಬೇಕು, ಹಾಗಿತ್ತು. ಅವತ್ತು ಸೆಖೆಗೆ ಅಮೋಘಸಿದ್ದಪ್ಪ ಅಂಗಿ ಕಳಚಿ ಹೆಗಲ ಮೇಲೆ ಹಾಕಿಕೊಂಡಿದ್ದ. ಟೇಲರನಿಗೆ ನೋಡಲು ಮುಖ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಈ ಗುಟ್ಟನ್ನು ನೂರಜಹಾನ ಕಂಡುಹಿಡಿದಿದ್ದಳು, ಪತ್ರಿಕೆಯವರಿಗೆ ಗೊತ್ತಿರಲಿಲ್ಲ.

ಆ ದಿನ ಮಧ್ಯಾಹ್ನದೊಳಗೆ ಶೌಕತ ನಿರ್ಧಾರಕ್ಕೆ ಬಂದ. ಕತ್ತರಿಯನ್ನು ಗೂಟಕ್ಕೆ ನೇತುಹಾಕಿ, ಬಾಗಿಲ ನಡುವೆ ನಿಂತು ಘೋಷಿಸಿದ. "ಇವತ್ತಿನಿಂದ ನಾ ಪ್ರೊಫೆಶನಲ್."

"ಅದೇನ ಬ್ಯಾನಿರಿ? ಜ್ವರಾ ಬರತಾವೇನು?"

"ಪ್ರೊಫೆಶನಲ್ ಅಂದ್ರ ಹೊಟ್ಟಿಪಾಡಿಗೆ ಮಾಡಾಂವ. ಪೋರ್ಟ್ರೇಟ್ ಸ್ಟುಡಿಯೊ ತಗಿತೀನಿ. ಮದುವಿ ಫೋಟೊ ಎಲ್ಲಾರೂ ತಗಿತಾರ. ಮಂದೀನ ಮಂದ್ಯಾಗ ನಿಂದ್ರಿಸಿ ಹೊಡಿಯೂದು ಏನ ದೊಡ್ಡದು? ಒಬ್ಬ ಮನಶ್ಯಾ, ಒಂದ ಮಾರಿ, ಒಂದ ಬೆಳಕು. ಅದು ಪೋರ್ಟ್ರೇಟ್! ನಮ್ಮ ಜತ್ತ ತಾಲೂಕಿನ್ಯಾಗ ಯಾರೂ ಮಾಡಿಲ್ಲ."

"ಯಾರೂ ಯಾಕ ಮಾಡಿಲ್ಲ ಅಂತ ವಿಚಾರ ಮಾಡೀರೇನು?"

ಮಾಡಿರಲಿಲ್ಲ. ಕಲಾವಿದರು ಅಂಥ ವಿಚಾರ ಮಾಡುವುದಿಲ್ಲ. ಎರಡು ದಿನ ಕನ್ನಡದಲ್ಲೇ ಕಳೆದ ಮೇಲೆ ಒಪ್ಪಂದವಾಯಿತು. ನೂರಜಹಾನ ಬೆರಳೆತ್ತಿ ಹೇಳಿದಳು, "ರಮಜಾನ ತನಕ ನೋಡತೀನಿ. ರಮಜಾನಕ್ಕ ಹೊಲಿಗಿ ರಾಶಿ ಬರತೈತಿ. ಅಷ್ಟರಾಗ ನಿಮ್ಮ ಪ್ರೊಪೇಸನಲ್ ನಿಂತಿತ್ತೋ, ನಿಂತಿತು. ಇಲ್ಲಾ, ಮಶೀನ ಅಟ್ಟದಿಂದ ಇಳೀತೈತಿ, ಕ್ಯಾಮೆರಾ ಅಟ್ಟಾ ಏರತೈತಿ."

ಹಾಗೆ ಹೊಲಿಗೆ ಮಶೀನು ಅಟ್ಟ ಸೇರಿ, ಮುಂದಿನ ಕೋಣೆ ಸ್ಟುಡಿಯೊ ಆಯಿತು. ಆ ದಿನಗಳಲ್ಲಿ ಶೌಕತನ ಹುರುಪು ನೋಡಬೇಕಿತ್ತು! ನಿದ್ದೆಯಲ್ಲೂ "ಸ್ವಲ್ಪ ಈ ಕಡೆ" ಎನ್ನುತ್ತಿದ್ದ. ಕಪ್ಪು ಛತ್ರಿಯ ಒಳಗೆ ಬಿಳಿ ಸಾಟಿನ್ ಹೊಲಿದು ಬೆಳಕಿನ ಕೊಡೆ ಮಾಡಿದ. ಗಿರಾಕಿಗಳಿಗೆಂದು ಒಂದು ಕೋಟು ಹೊಲಿದ. ಬೆನ್ನು ಪೂರ್ತಿ ಸೀಳಿದ ಕೋಟು, ತೆಳ್ಳಗಿದ್ದವರಿಗೆ ಹಿಂದಿನಿಂದ ಬಟ್ಟೆ ಒಣಹಾಕುವ ಚಿಮಟಿಗೆ ಹಾಕಿ ಬಿಗಿ ಮಾಡಿದರಾಯಿತು, ದಪ್ಪಗಿದ್ದವರಿಗೆ ಹಾಗೇ ಬಿಟ್ಟರಾಯಿತು. ಮುಂದಿನಿಂದ ಮಂತ್ರಿ, ಹಿಂದಿನಿಂದ ಹರಿದ ಚೀಲ. ಒಂದು ಸಾವಿರ ವಾಟಿನ ಎರಡು ಹ್ಯಾಲೊಜನ್ ದೀಪ ತಂದ. ಎರಡನ್ನೂ ಒಮ್ಮೆಗೇ ಹಚ್ಚಿದರೆ ಓಣಿಯ ಫ್ಯಾನುಗಳೆಲ್ಲ ಉಸಿರು ಹಿಡಿದು ನಿಲ್ಲುತ್ತಿದ್ದವು.

ಹಿಂದಿನ ಪರದೆಗೆ ಕಾಶ್ಮೀರ ಬೇಕೆಂದು ಟ್ರ್ಯಾಕ್ಟರ್ ಟ್ರಾಲಿಗೆ ಬಣ್ಣ ಹಚ್ಚುವ ಪೇಂಟರನಿಗೆ ಹೇಳಿದ. ಪೇಂಟರನೇನೋ ಬೆಟ್ಟ ಬರೆದ, ಸರೋವರವನ್ನೂ ಬರೆದ. ಆಮೇಲೆ ಕೈ ತನ್ನ ರೂಢಿಯಂತೆ ನಡೆದು ಆಳೆತ್ತರದ ಒಂದು ನವಿಲನ್ನು ಬರೆಯಿತು. ಯಾರೇ ಎಲ್ಲೇ ಕುಳಿತರೂ ನವಿಲಿನ ಕೊಕ್ಕು ಅವರ ಕಿವಿಗೆ ಬಂದು ಏನೋ ಗುಟ್ಟು ಹೇಳುತ್ತಿತ್ತು. ಸಾಲದ್ದಕ್ಕೆ ಸರೋವರದ ದಂಡೆಯ ಮೇಲೆ, ಟ್ರಾಲಿಯ ಹಿಂದೆ ಬರೆಯುವಂತೆ, ‘ಸುರಕ್ಷಿತ ಅಂತರ ಠೇವಾ’ ಎಂದು ಮರಾಠಿಯಲ್ಲಿ ಬರೆದುಬಿಟ್ಟಿದ್ದ. ಹತ್ತಿರ ಬರಬೇಡಿ ಎನ್ನುವ ಆ ಎಚ್ಚರಿಕೆಯನ್ನು ಮುಚ್ಚಲು ಶೌಕತ ಒಂದು ಹೂವಿನ ಕುಂಡ ತಂದು ಇಟ್ಟ.

ಪ್ರೊಫೆಶನಲ್ ವೇಷವೂ ಸಿದ್ಧವಾಯಿತು. ಮೇಲೆ ಬಿಳಿ ಅಂಗಿ, ಕೆಂಪು ಟೈ. ಕೆಳಗೆ ಚೌಕಳಿ ಲುಂಗಿ. (ಕ್ಯಾಮೆರಾದ ಹಿಂದೆ ನಿಂತವನ ಕೆಳಭಾಗ ಯಾರಿಗೂ ಕಾಣುವುದಿಲ್ಲ ಎಂಬುದು ಅವನ ಲೆಕ್ಕ.)

ಮೊದಲ ಗಿರಾಕಿ ಮುರಗೆಪ್ಪ. ಗೊಬ್ಬರದ ಅಂಗಡಿಯ ಲೈಸೆನ್ಸಿಗೆ ಅರ್ಜಿ ಹಾಕುವವನಿದ್ದ, ಎರಡು ಸಣ್ಣ ಫೋಟೊ ಬೇಕಾಗಿದ್ದವು. ಶೌಕತ ಅವನನ್ನು ಒಂದು ತಾಸು ಕೂಡಿಸಿ, ಒಂದು ದೀಪ ಹಚ್ಚಿ, ಒಂದು ದೀಪ ಆರಿಸಿ, ಕಲೆಯನ್ನೆಲ್ಲ ಧಾರೆ ಎರೆದ. ಫೋಟೊ ಒಯ್ದ ಮುರಗೆಪ್ಪ ಎರಡನೇ ದಿನವೇ ತಿರುಗಿ ಬಂದ.

"ಭಾಯಿ, ಕಚೇರ್ಯಾಗ ಕೇಳ್ತಾರ, ಉಳದ ಅರ್ಧ ಮಾರಿ ಯಾವಾಗ ತರತಿ ಅಂತ."

"ಅದು ನೆರಳು-ಬೆಳಕಿನ ಆಟ, ಮುರಗೆಪ್ಪಾ. ಉಳದ ಅರ್ಧಾ ನೋಡಾವರ ಕಲ್ಪನಾಕ್ಕ ಬಿಟ್ಟೀನಿ."

"ನೀವು ಬಿಟ್ರಿ, ಅವ್ರು ಬಿಡವಲ್ರು. ಎರಡೂ ಕಿವಿ ಬೇಕಂತ."

ಮುರಗೆಪ್ಪ ಬೇರೆ ಕಡೆ ಹೋಗಿ ಎರಡೂ ಕಿವಿಗಳ ಫೋಟೊ ತೆಗೆಸಿಕೊಂಡ. ಆ ಮಾತು ಊರಿಗೆಲ್ಲ ಹಬ್ಬಿತು. ಆಮೇಲೆ ಸ್ಟುಡಿಯೊಕ್ಕೆ ಬಂದವರಲ್ಲಿ ಹೆಚ್ಚಿನವರು ನವಿಲು ನೋಡಲು ಬಂದವರು. ರಮಜಾನ ಮೂರು ವಾರ ದೂರವಿತ್ತು. ನೂರಜಹಾನ ಏನೂ ಅನ್ನುತ್ತಿರಲಿಲ್ಲ. ಬರೀ ಅಟ್ಟದ ಕಡೆ ಒಮ್ಮೆ ನೋಡಿ, ನಿಚ್ಚಣಿಕೆಯ ಧೂಳು ಒರೆಸಿ ಇಡುತ್ತಿದ್ದಳು. ಶೌಕತನಿಗೆ ಬೈಗುಳಕ್ಕಿಂತ ಆ ಒರೆಸುವ ಸಪ್ಪಳವೇ ಹೆಚ್ಚು ಚುಚ್ಚುತ್ತಿತ್ತು.

ಅಂಥ ಹೊತ್ತಿಗೆ ಒಂದು ಮುಂಜಾನೆ ಸೊರಡಿಯ ಸೋಮನಿಂಗಪ್ಪ ಬಂದ. ದಾಳಿಂಬೆ ವ್ಯಾಪಾರದ ಸ್ಥಿತಿವಂತ, ಶೌಕತನ ಹಳೆಯ ಅಂಗಿ ಗಿರಾಕಿ. ಜೊತೆಗೆ ಹೆಂಡತಿ ಶಿವಲಿಂಗವ್ವ, ಮಗಳು ದೀಪಾಲಿ. ದೀಪಾಲಿ ಜತ್ತದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು.

"ಬರ್ರಿ, ಬರ್ರಿ, ಕುಂದ್ರಿ!" ಶೌಕತ ಟೈ ಸರಿಮಾಡಿಕೊಂಡ.

"ಶೌಕತ ಭಾಯಿ, ಇಂಡಿ ಕಡೆಯಿಂದ ಒಂದು ಸಂಬಂಧ ಬಂದೈತಿ. ಹುಡುಗ ಸಾಲಿ ಮಾಸ್ತರ. ಮದಲ ಫೋಟೊ ಕಳಸ್ರಿ ಅಂದಾರ," ಎಂದ ಸೋಮನಿಂಗಪ್ಪ. "ಈಗಾಗಲೇ ಎರಡ ಕಡೆ ಫೋಟೊ ಕಳಿಸೀವಿ, ಎರಡೂ ಕಡಿಂದ ಫೋಟೊ ವಾಪಸ ಬಂದಾವ. ಹುಡುಗಿ ಮನ್ಯಾಗ ಗಿಣಿ ಹಂಗ ಮಾತಾಡತಾಳ. ಕ್ಯಾಮೆರಾ ಮುಂದ ಕುಂತ್ಲಂದ್ರ ಕಲ್ಲು. ಹಳೀ ಫೋಟೊ ನೋಡ್ರಿ."

ಶೌಕತ ನೋಡಿದ. ಫೋಟೊದಲ್ಲಿದ್ದವಳು ಯಾವುದೋ ಕೇಸಿನಲ್ಲಿ ಸಾಕ್ಷಿ ಹೇಳಲು ಬಂದು ಹೆದರಿ ನಿಂತವಳಂತಿದ್ದಳು.

"ಚಿಂತೀ ಬಿಡ್ರಿ. ಇದು ಪ್ರೊಫೆಶನಲ್ ಕೆಲಸ."

ಶಿವಲಿಂಗವ್ವ ತನ್ನ ಕರಾರು ಹೇಳಿದಳು. "ನಗಿಮಾರಿ ಇರಬೇಕ್ರಿ ಭಾಯಾರ. ಆದ್ರ ಹಲ್ಲು ಕಾಣಬಾರದು. ಗಂಭೀರ ಇರಬೇಕು. ಆದ್ರ ಸಿಟ್ಟಿನಾಕಿ ಅನ್ನಿಸಬಾರದು."

"ಅವ್ವಾ, ಅಂಥಾಕೀ ಬ್ಯಾರೆ ಯಾರನ್ನರ ಕರಕೊಂಡ ಬಾ," ಎಂದಳು ದೀಪಾಲಿ. ಅದೇ ಅವಳ ಕೊನೆಯ ಮಾತು. ಸ್ಟೂಲಿನ ಮೇಲೆ ಕುಳಿತು, ಹ್ಯಾಲೊಜನ್ ಹತ್ತಿಕೊಂಡಿತೋ ಇಲ್ಲವೋ, ಅವಳು ಕಲ್ಲಾದಳು.

ಶೌಕತ ಲೆಕ್ಕ ಹಾಕಿದ. ಇದೊಂದು ಫೋಟೊ ಗೆದ್ದರೆ ಸೊರಡಿಯ ಮನೆಮನೆಯಿಂದ ಹುಡುಗಿಯರು ಬರುತ್ತಾರೆ! ಸೋತರೆ ನಿಚ್ಚಣಿಕೆ ಒರೆಸಿಯೇ ಇದೆ. ಅವನು ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ಆಜ್ಞೆ ಕೊಡತೊಡಗಿದ.

"ಗದ್ದ ಕೆಳಗ. ಅಷ್ಟಲ್ಲವ್ವಾ, ಮ್ಯಾಲ. ಹಾಂ. ನಗು. ಹಲ್ಲು ಬ್ಯಾಡ. ಕಣ್ಣಿನ್ಯಾಗ ನಗು. ಕಣ್ಣು ಇಷ್ಟ ಅಗಲ ಬ್ಯಾಡ, ಹೆದರಿಕಿ ಬರತೈತಿ. ಎಡಗಡಿ ಭುಜ ಒಂದ ಇಂಚು ಇಳಸು... ಅಲ್ಲಲ್ಲ, ಭುಜ ಬರೋಬ್ಬರಿ ಐತಿ. ತೋಳು ಹಚ್ಚಿದಾಂವ ತಪ್ಪು ಹಚ್ಚ್ಯಾನ. ಈ ಬ್ಲೌಸ ಹೊಲದ ಶ್ಯಾಣ್ಯಾ ಯಾರು?"

"ನೀವರಿ ಭಾಯಾರ," ಎಂದಳು ಶಿವಲಿಂಗವ್ವ.

ಶೌಕತ ತಕ್ಷಣ ಕ್ಯಾಮೆರಾದ ಹಿಂದೆ ಅಡಗಿದ. ಕಟಕ್. ಕಟಕ್. ಹತ್ತಾಯಿತು, ಇಪ್ಪತ್ತಾಯಿತು. ಹುಡುಗಿಯ ಪೌಡರು ಬೆವರಿಗೆ ಕರಗಿ ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಸೆರಗಿನಿಂದ ಒರೆಸಿ ಶಿವಲಿಂಗವ್ವ ಮತ್ತೆ ಪೌಡರು ಹಚ್ಚುತ್ತಿದ್ದಳು. ಮೂವತ್ತೆರಡನೇ ಫೋಟೊ ಹೊಡೆದದ್ದೇ ತಡ, ಢಪ್ಪೆಂದು ಸಪ್ಪಳವಾಗಿ ಎರಡೂ ದೀಪ ಆರಿದವು. ಫ್ಯೂಜು ಹೋಯಿತು.

"ಎರಡ ಮಿನಿಟು! ಯಾರೂ ಅಳ್ಳಾಡಬ್ಯಾಡ್ರಿ!" ಶೌಕತ ಇನ್ನೊಂದು ಸ್ಟೂಲು ಹಿಡಿದು ಹೊರಗೆ ಓಡಿದ. ಮೀಟರು ಹೊರಗೋಡೆಯ ಮೇಲೆ, ಬಾಗಿಲಿಗೆ ಹತ್ತಿದಂತೆಯೇ ಇತ್ತು. ಅವನು ಸ್ಟೂಲು ಏರಿದ. ಸೋಮನಿಂಗಪ್ಪ ಹಿಂದೆಯೇ ಬಂದು ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಶಿವಲಿಂಗವ್ವ ನೀರು ಕುಡಿಯಲು ಅಡುಗೆಮನೆಗೆ ಹೋದಳು.

ಚಹಾ ತಂದ ನೂರಜಹಾನ ಕೋಣೆಯ ಸೆಖೆಗೆ ಬೆಚ್ಚಿ, ಬಾಗಿಲು ಕಿಟಕಿ ಎಲ್ಲ ತೆರೆದಳು. "ಯಾ ಅಲ್ಲಾ, ಹುಡುಗೀನ ಹುರದ ಬಿಟ್ಟಾರ! ಏಳವ್ವಾ, ಈ ಕಡೆ ಕಿಟಕಿ ಹಂತ್ಯಾಕ ಬಂದು ಕುಂಡ್ರು. ಗಾಳಿ ಬರತೈತಿ."

ಶೌಕತ ಹೊರಗೆ ಫ್ಯೂಜಿನ ತಂತಿ ಸುತ್ತುತ್ತಿದ್ದ. ಒಳಗೆ ಮೊದಲು ಪಿಸುಮಾತು ಕೇಳಿತು. ಆಮೇಲೆ ನೂರಜಹಾನಳ ಧ್ವನಿ. ಆಮೇಲೆ, ಯಾರೋ ಚೀಲ ಬಿಚ್ಚಿ ಗೋಲಿಗಳನ್ನು ಮೆಟ್ಟಿಲ ಮೇಲೆ ಸುರಿದಂತೆ ಒಂದು ನಗು! ನಿಂತು, ಉಸಿರು ತೆಗೆದುಕೊಂಡು, ಮತ್ತೆ ಸುರಿಯಿತು.

"ನಗಸಬ್ಯಾಡ!" ಎಂದು ಶೌಕತ ಸ್ಟೂಲಿನ ಮೇಲಿಂದಲೇ ಕೂಗಿದ. "ಪೌಡರ ಒಡೀತೈತಿ!"

ಅವನು ಒಳಗೆ ಬಂದಾಗ ದೀಪಾಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕ್ಯಾಮೆರಾ ಕಿಟಕಿಯ ಕಡೆ ತಿರುಗಿತ್ತು. ಯಾರೋ ಹಾಯುವಾಗ ತಾಗಿರಬೇಕೆಂದು ಅದನ್ನು ಸರಿಮಾಡಿ ನೋಡಿದ, ಅಂಕಿ ಮೂವತ್ತಾರಕ್ಕೆ ಬಂದು ನಿಂತಿತ್ತು. ರೋಲು ಮುಗಿದಿತ್ತು.

"ಅರೇ, ಮೂವತ್ತಾರ ಮುಗದಾವಲ್ಲ! ಯಾವಾಗ ಹೊಡದ್ನಿ ಅನ್ನೂದ ಗೊತ್ತಾಗಲಿಲ್ಲ. ಅಷ್ಟ ತಲ್ಲೀನ ಆಗಿದ್ನಿ."

ನೂರಜಹಾನ ಬಾಯಿ ತೆರೆದಳು. ಅವನ ಮುಖ ನೋಡಿ ಬಾಯಿ ಮುಚ್ಚಿಕೊಂಡು, ಚಹಾದ ಕಪ್ಪುಗಳನ್ನು ಎತ್ತಿಕೊಂಡು ಹೋದಳು.

ಮರುದಿನ ಮೊದಲ ಎಸ್‌ಟಿ ಬಸ್ಸಿಗೇ ಶೌಕತ ಮಿರಜಿಗೆ ಹೋಗಿ ಕಲರ್ ಲ್ಯಾಬಿನಲ್ಲಿ ರೋಲು ಕೊಟ್ಟ. ಸಂಜೆ ಬರುವಾಗ ಪಾಕೀಟು ಬಸ್ಸಿನಲ್ಲೇ ಬಿಚ್ಚಿದ. ಮೊದಲ ಫೋಟೊ ಹಳದಿ. ಎರಡನೆಯದೂ ಹಳದಿ. ಹ್ಯಾಲೊಜನ್ನಿನ ಕೃಪೆಯಿಂದ ಹುಡುಗಿ, ನವಿಲು, ಕಾಶ್ಮೀರ, ಎಲ್ಲವೂ ಅರಿಷಿಣದ ನೀರಲ್ಲಿ ಅದ್ದಿ ತೆಗೆದಂತಿದ್ದವು. ಹೀಗೆ ಮೂವತ್ತೆರಡು. ಪ್ರತಿಯೊಂದರಲ್ಲೂ ದೀಪಾಲಿ ಹಲ್ಲುನೋವು ತಡೆದುಕೊಂಡವಳಂತೆ ಕುಳಿತಿದ್ದಳು.

ಮೂವತ್ತಮೂರನೆಯದನ್ನು ತೆಗೆದು ನೋಡಿ, ಕುಳಿತಲ್ಲಿಂದ ಎದ್ದೇ ನಿಂತ.

ಆಹಾ, ಏನು ಫೋಟೊ ಅದು! ಕಿಟಕಿಯ ಬೆಳಕು ಕೆನ್ನೆಯ ಮೇಲೆ ಹಾಲಿನಂತೆ ಹರಿದಿತ್ತು. ಹುಡುಗಿ ತಲೆ ತುಸು ಹಿಂದೆ ಚೆಲ್ಲಿ ನಗುತ್ತಿದ್ದಳು, ಒಂದು ಕೈ ಎದೆಯ ಮೇಲೆ, ಕಣ್ಣಂಚಿನಲ್ಲಿ ನೀರು. ಫೋಟೊದಿಂದ ನಗು ಕೇಳುತ್ತಿತ್ತು. ಮುಂದಿನವೂ ಹಾಗೇ, ಒಂದಕ್ಕಿಂತ ಒಂದು ಮಿಗಿಲು!

"ನಾ ತಗದದ್ದು!" ಎಂದ ಪಕ್ಕದಲ್ಲಿದ್ದವನಿಗೆ. ಕಂಡಕ್ಟರನಿಗೂ ತೋರಿಸಿದ. ಜತ್ತ ಸ್ಟ್ಯಾಂಡು ಬರುವ ಹೊತ್ತಿಗೆ ಬಸ್ಸಿನಲ್ಲಿದ್ದವರಿಗೆಲ್ಲ ಸೊರಡಿಯ ಹುಡುಗಿಯೊಬ್ಬಳಿಗೆ ಇಂಡಿಯಿಂದ ಸಂಬಂಧ ಬಂದಿರುವುದು ತಿಳಿದಿತ್ತು.

ಮರುದಿನ ಸೋಮನಿಂಗಪ್ಪನ ಕುಟುಂಬ ಬಂದಾಗ ಶೌಕತ ನಾಲ್ಕೂ ಫೋಟೊಗಳನ್ನು ಚಾಪೆಯ ಮೇಲೆ ಹರಡಿ, ಟೈ ಬಿಗಿದು ಭಾಷಣಕ್ಕೆ ನಿಂತ. ನೂರಜಹಾನ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳುತ್ತಿದ್ದಳು.

"ಪೋರ್ಟ್ರೇಟ್ ಅಂದ್ರ ಬ್ಯಾಟಿ ಆಡಿದಂಗ, ಸೋಮನಿಂಗಪ್ಪಾರ. ತಾಸಗಟ್ಟಲೆ ಕಾಯಬೇಕು. ಹೊಂಚು ಹಾಕಬೇಕು. ಒಂದ ಕ್ಷಣ ಬರತೈತಿ, ಒಂದ ಕ್ಷಣ! ಆ ಕ್ಷಣಕ್ಕ ಪ್ರೊಫೆಶನಲ್ ಆದಾಂವನ ಬಟ್ಟು ತಾನಾಗೇ ಒತ್ತತೈತಿ. ಹೌಶಿ ಮಂದಿಗೆ ಇದು ಆಗೂದಿಲ್ಲ."

ಸೋಮನಿಂಗಪ್ಪ ನಾಲ್ಕನೇ ಫೋಟೊವನ್ನು ಕಣ್ಣಿನ ಹತ್ತಿರ ತಂದ. ದೂರ ಹಿಡಿದ. ಮತ್ತೆ ಹತ್ತಿರ ತಂದ.

"ಭಾಯಿ, ಫೋಟೊ ಅಂತೂ ಭಾಳ ಚಲೋ ಬಂದೈತಿ. ಆದ್ರ ಇಲ್ಲಿ ಬಾಜೂಕ, ಬಾಗಲದಾಗ, ಸ್ಟೂಲ ಮ್ಯಾಲ ಲುಂಗಿ ಉಟ್ಟು ನಿಂತಾಂವ ಯಾರು?"

ಎಲ್ಲರೂ ಬಗ್ಗಿ ನೋಡಿದರು. ಫೋಟೊದ ಅಂಚಿನಲ್ಲಿ ತೆರೆದ ಬಾಗಿಲು. ಬಾಗಿಲಲ್ಲಿ ಒಂದು ಸ್ಟೂಲು. ಸ್ಟೂಲಿನ ಮೇಲೆ ಎರಡು ಕಾಲ ಮೇಲೊಂದು ಚೌಕಳಿ ಲುಂಗಿ. ಲುಂಗಿಯಿಂದ ಮೇಲಕ್ಕೆ ಫ್ರೇಮು ಮುಗಿದಿತ್ತು.

"ಸ್ಟೂಲ ಹಿಡದ ಕೈ ನಂದು," ಎಂದ ಸೋಮನಿಂಗಪ್ಪ ನಿಧಾನವಾಗಿ. "ಉಂಗುರ ಗುರ್ತ ಹಿಡದೀನಿ. ಹಂಗಾದ್ರ ಮ್ಯಾಲಿನಾಂವ..."

ಶೌಕತ ತನ್ನ ಲುಂಗಿಯನ್ನು ಒಮ್ಮೆ, ಫೋಟೊದ ಲುಂಗಿಯನ್ನು ಒಮ್ಮೆ ನೋಡಿದ. ಚೌಕಳಿ ಒಂದೇ ಇತ್ತು. ಆಮೇಲೆ ಮೆಲ್ಲಗೆ ಅಡುಗೆಮನೆಯ ಬಾಗಿಲಿನ ಕಡೆ ತಿರುಗಿದ.

"ನಾನ ಒತ್ತೀನ್ರಿ," ಎಂದಳು ನೂರಜಹಾನ. "ನಾಕ ಸಲ. ಹುಡುಗಿ ಅಷ್ಟ ಚೆಂದ ನಗಲಾಕತ್ತಿದ್ಲು, ಆ ನಗಿ ಹಂಗ ಬಿಡ್ಲಾಕ ಮನಸಾಗಲಿಲ್ಲ. ನಿಮಗ ಅವತ್ತ ಹೇಳಾಕಿದ್ನಿ. ನೀವು ತಲ್ಲೀನ ಆಗಿದ್ನಿ ಅಂದ್ರಿ. ತಲ್ಲೀನ ಆದಾವ್ರನ್ನ ಎಬ್ಬಸೂದು ಬ್ಯಾಡ ಅಂತ ಸುಮ್ಮಾದ್ನಿ."

"ಅಂಥಾದ್ದೇನ ಹೇಳಿ ನಗಿಸಿದಿ?" ಶೌಕತನ ಧ್ವನಿ ತಗ್ಗಿತ್ತು.

ನೂರಜಹಾನ ಸೆರಗಿನ ತುದಿ ನೋಡತೊಡಗಿದಳು. ಉತ್ತರ ಕೊಟ್ಟವಳು ದೀಪಾಲಿ. "ನೀವು ಭಾಬೀನ್ನ ನೋಡ್ಲಾಕ ಬಿಳೂರಿಗೆ ಹೋದಾಗಿನ ಮಾತು ಹೇಳಿದ್ರು ಭಾಯಿ. ಎಲ್ಲಾರೂ ‘ಹುಡುಗಿ ಹ್ಯಾಂಗದಾಳ’ ಅಂತ ಕೇಳಿದ್ರ ನೀವು ‘ಬಲಗಡಿ ತೋಳು ಅರ್ಧ ಇಂಚು ಸಡ್ಲ ಐತಿ, ಬಿಚ್ಚಿ ಹೊಲೀಬೇಕು’ ಅಂದಿದ್ರಂತ! ಭಾಬಿ ಅವ್ವ ತಮ್ಮ ಮಗಳ ಕೈಯಾಗ ಏನೋ ಊನ ಐತಿ ಅಂತ ತಿಳದು ಅಳ್ಲಾಕತ್ತರಂತ!" ಇಷ್ಟು ಹೇಳುವುದರಲ್ಲಿ ಅವಳಿಗೆ ಮತ್ತೆ ಆ ನಗು ಬಂತು. ಸೋಮನಿಂಗಪ್ಪ ಮೀಸೆಯಡಿಯಲ್ಲಿ ತಡೆದುಕೊಳ್ಳಲು ನೋಡಿ ಸೋತ. ಶೌಕತನಿಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

ಶಿವಲಿಂಗವ್ವನ ಚಿಂತೆ ಬೇರೆಯೇ ಇತ್ತು. "ಅಲ್ರಿ, ಹಲ್ಲು ನೋಡ್ರಿ. ಎಣಸಬಹುದು. ಬೀಗರ ಕಡೆ ಇದನ್ನ ಕಳಸಿದ್ರ ಏನ ಅಂದಾರು? ಬ್ಯಾಡ, ಆ ಹಳದಿ ಪೈಕಿ ಒಂದು ಕೊಡ್ರಿ."

ದೀಪಾಲಿ ನಗು ನಿಲ್ಲಿಸಿದಳು. ಅಪ್ಪನ ಕೈಯಿಂದ ಆ ನಾಲ್ಕನೇ ಫೋಟೊ ಇಸಿದುಕೊಂಡಳು. "ಅವ್ವಾ, ಕಳಸೂದಾದ್ರ ಇದನ್ನ ಕಳಸು. ಒಲ್ಲೆ ಅಂದ್ರ ಅನ್ಲಿ. ಆ ಅರಿಷಿಣ ಮಾರಿ ನೋಡಿ ಹೂಂ ಅಂದ್ರ, ಅವರು ಹೂಂ ಅಂದದ್ದು ನನಗಲ್ಲ. ನಾಳೆ ನಾ ಆ ಮನ್ಯಾಗ ನಕ್ರ ‘ಇಂಥಾಕೀನ್ನ ನಾವು ಕೇಳಿರಲಿಲ್ಲ’ ಅಂತಾರ. ಮದಲ ಗೊತ್ತಾಗಲಿ, ನಾ ಹಿಂಗ ನಗತೀನಿ."

ಸೋಮನಿಂಗಪ್ಪ ಬಹಳ ಹೊತ್ತು ಫೋಟೊವನ್ನೂ ಮಗಳನ್ನೂ ನೋಡಿದ. ಆಮೇಲೆ ಅದನ್ನು ಜೋಪಾನವಾಗಿ ಕೈಗೆ ತೆಗೆದುಕೊಂಡು, "ಇದನ್ನ ಕಳಸೂಣು," ಎಂದ. ಹೆಂಡತಿಯ ಸಮಾಧಾನಕ್ಕೆ ಶೌಕತನಿಂದ ಲುಂಗಿಯ ಭಾಗವನ್ನು ಕತ್ತರಿಸಿ ತೆಗೆಸಿದ. ಆ ಕತ್ತರಿ ಕೆಲಸವೊಂದನ್ನು ಶೌಕತ ಅಚ್ಚುಕಟ್ಟಾಗಿ ಮಾಡಿಕೊಟ್ಟ.

ಮುಂದಿನ ಎಂಟು ದಿನ ಅವನು ಟೈ ಕಟ್ಟಲಿಲ್ಲ, ಹೆಂಡತಿಯೊಡನೆ ಸರಿಯಾಗಿ ಮಾತನ್ನೂ ಆಡಲಿಲ್ಲ. ಮನಸ್ಸು ಎರಡು ಹೋಳಾಗಿತ್ತು. ಹುಡುಗಿಯ ಸಂಬಂಧ ಕೂಡಿಬರಲಿ ಎಂದು ಒಂದು ಹೋಳು ದುವಾ ಬೇಡುತ್ತಿತ್ತು. ಆದರೆ ಫೋಟೊ ನೋಡದೆಯೇ ಕೂಡಿಬರಲಿ ಎಂದು ಇನ್ನೊಂದು ಹೋಳು ಒಂದು ತಿದ್ದುಪಡಿ ಸೇರಿಸುತ್ತಿತ್ತು.

ಒಂಬತ್ತನೇ ದಿನ ಸೋಮನಿಂಗಪ್ಪ ಪೇಢೆಯ ಪೊಟ್ಟಣ ಹಿಡಿದು ಬಾಗಿಲಿಂದಲೇ ಕೂಗುತ್ತ ಬಂದ. "ಶೌಕತ ಭಾಯಿ! ಭಾಬಿ! ಹೂಂ ಅಂದ್ರು! ಹುಡುಗನ ಅವ್ವ ಫೋಟೊ ನೋಡಿ, ನಮ್ಮ ಮನ್ಯಾಗ ಎಲ್ಲಾರೂ ಹುಣಶಿಕಾಯಿ ತಿಂದಂಗ ಇರತಾರ, ಇಂಥಾಕಿ ಒಬ್ಬಾಕಿ ಬರಲಿ ಅಂದ್ರಂತ. ಫೋಟೊ ವಾಪಸ ಕೊಡ್ರಿ ಅಂದ್ರ ಮಾಸ್ತರ ಕೊಡವಲ್ಲ! ಪುಸ್ತಕದಾಗ ಇಟ್ಟೀನಿ, ಯಾವ ಪುಸ್ತಕ ನೆನಪಿಲ್ಲ ಅಂತಾನ!"

ನೂರಜಹಾನ ಕಣ್ಣೊರೆಸಿಕೊಂಡಳು. ಶೌಕತ ಪೇಢೆ ಬಾಯಿಗೆ ಹಾಕಿಕೊಂಡ. ಸಿಹಿಯಾಗಿಯೇ ಇತ್ತು, ನುಂಗಲು ಮಾತ್ರ ತುಸು ಹೊತ್ತು ಹಿಡಿಯಿತು.

ಆಮೇಲೆ ನೋಡಿ, ಸ್ಟುಡಿಯೊದ ಭಾಗ್ಯ ತೆರೆಯಿತು! ರಮಜಾನಕ್ಕೆ ಇನ್ನೂ ನಾಲ್ಕು ದಿನವಿತ್ತು. ಬಿಳೂರಿನಿಂದ ಚನ್ನವ್ವ ಎಂಬಾಕೆ ಮೂರು ಹೆಣ್ಣುಮಕ್ಕಳನ್ನು ಕರೆದುಕೊಂಡು ಟಂಟಂ ರಿಕ್ಷಾ ಮಾಡಿಸಿಕೊಂಡು ಬಂದಿಳಿದಳು. ಶೌಕತನಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಟೈ ಕಟ್ಟಿಕೊಂಡ. ಲುಂಗಿ ಬಿಟ್ಟು ಪ್ಯಾಂಟನ್ನೇ ಹಾಕಿಕೊಂಡು ಬಂದ.

"ಬರ್ರಿ, ಬರ್ರಿ. ಮದಲ ಯಾರು ಕುಂದ್ರಾವ್ರು?"

ಚನ್ನವ್ವ ಅವನ ಹೆಗಲ ಮೇಲಿಂದ ಒಳಗೆ ಇಣುಕಿದಳು. "ಭಾಬಿ ಎಲ್ಲದಾರ್ರಿ?"

"ಅಡಗಿ ಮಾಡ್ಲಾಕತ್ತಾಳ. ಫೋಟೊ ತಗಿಯಾಂವ ನಾನು."

"ಅವಸರ ಇಲ್ರಿ. ಅಡಗಿ ಆಗಲಿ, ಕುಂದ್ರತೀವಿ." ನಾಲ್ವರೂ ಗೋಡೆಗೆ ಹತ್ತಿ ಕುಳಿತರು. ಚನ್ನವ್ವ ಸಂಕೋಚದಿಂದ ಮುಂದುವರಿಸಿದಳು. "ಮತ್ತ ಭಾಯಾರ, ತಪ್ಪ ತಿಳೀಬ್ಯಾಡ್ರಿ. ನೀವು ಹೊರಗ ಹೋಗಬೇಕಂತಲ್ರಿ? ಸೊರಡಿ ದೀಪಾಲಿ ಹೇಳ್ಯಾಳ, ಭಾಯಿ ಹೊರಗ ನಿಂತ್ರನ ಫೋಟೊ ಚಲೋ ಬರತಾವ ಅಂತ."

ನೂರಜಹಾನ ಕೈ ಒರೆಸಿಕೊಳ್ಳುತ್ತ ಬಂದಳು. ಗಂಡನ ಮುಖ ನೋಡಿದಳು. ಅವಳು ಹೋಗಬೇಡಿ ಎಂದಿದ್ದರೆ ಅವನು ಉಳಿಯುತ್ತಿದ್ದ, ಇಲ್ಲೇ ಇರಿ ಎಂದಿದ್ದರೂ ಉಳಿಯುತ್ತಿದ್ದ. ಅವಳು ಅಂದದ್ದು ಇಷ್ಟೇ: "ರೀ, ರೋಲ ಹಾಕಿ ಕೊಡ್ರಿ. ಅದು ನನಗ ಬರೂದಿಲ್ಲ."

ಶೌಕತ ರೋಲು ಹಾಕಿ ಕೊಟ್ಟ. ಲೆನ್ಸು ಒರೆಸಿದ. ಹ್ಯಾಲೊಜನ್ನಿನ ವಾಯರು ಕಿತ್ತು ಸುತ್ತಿಟ್ಟ, ಸ್ಟೂಲನ್ನು ತಾನೇ ಎತ್ತಿ ಕಿಟಕಿಯ ಹತ್ತಿರ ಇಟ್ಟ. ಆಮೇಲೆ ಟೈ ಸರಿಮಾಡಿಕೊಂಡು ಹೊರಗೆ ಹೋಗಿ ನಿಂತ.

"ರೀ, ಆಚೆ ಸರೀರಿ. ಬೆಳಕಿಗೆ ಅಡ್ಡ ಆಗೀರಿ," ಎಂದು ಕಿಟಕಿಯಿಂದ ಧ್ವನಿ ಬಂತು.

ಎರಡು ಹೆಜ್ಜೆ ಸರಿದ. "ಇನ್ನಷ್ಟು!" ಸರಿಯುತ್ತ ಸರಿಯುತ್ತ ರಸ್ತೆ ದಾಟಿ ಎದುರಿನ ಚಹಾದಂಗಡಿಯ ಮರದ ಬೆಂಚಿನ ಮೇಲೆ ಬಂದು ಕುಳಿತ. ಸ್ವಲ್ಪ ಹೊತ್ತಿಗೆ ಅಲ್ಲಿಯವರೆಗೂ ನಗು ಕೇಳಿತು, ಒಬ್ಬರದಲ್ಲ, ನಾಲ್ಕೈದು ಜನರದು. ಯಾರ ಕಥೆ ನಡೆದಿದೆಯೆಂದು ಅವನಿಗೆ ಗೊತ್ತಿತ್ತು.

"ಏನ ಭಾಯಿ, ಮನ್ಯಾಗ ಭಾಳ ಮಂದಿ?" ಚಹಾದವನು ಕೇಳಿದ.

"ಧಂದೆ ನಡದೈತಿ," ಎಂದ ಶೌಕತ. ಹಾಗೆನ್ನುವಾಗ ತನಗೇ ಆಶ್ಚರ್ಯವಾಗುವಂತೆ ಅವನ ಎದೆ ಉಬ್ಬಿತ್ತು.

ರಮಜಾನ ಬಂತು, ಈದ್ ಮುಗಿಯಿತು. ಹೊಲಿಗೆ ಮಶೀನು ಅಟ್ಟದಿಂದ ಇಳಿಯಲಿಲ್ಲ. ಸೊರಡಿ, ಬಿಳೂರ, ಆಚೆಯ ಹಳ್ಳಿಗಳಿಂದಲೂ ಹೆಣ್ಣುಮಕ್ಕಳು ಬಂದರು. ಅವರ ಹಿಂದೆ ಅವರ ಅವ್ವಂದಿರು ತಮಗೂ ಒಂದೊಂದು ಇರಲಿ ಎಂದು ಬಂದರು. ಶೌಕತ ರೋಲು ಹಾಕುತ್ತಿದ್ದ, ಮಿರಜಿಗೆ ಓಡಾಡುತ್ತಿದ್ದ, ಫೋಟೊಗಳ ಅಂಚು ಕತ್ತರಿಸುತ್ತಿದ್ದ. ಉಳಿದ ಹೊತ್ತು ಚಹಾದಂಗಡಿಯಲ್ಲಿ ಪ್ರೊಫೆಶನಲ್ ಆಗಿ ಕುಳಿತಿರುತ್ತಿದ್ದ.

ಒಂದು ಸಂಜೆ ನೂರಜಹಾನ ಚಿಂತೆಯಲ್ಲಿ ಕುಳಿತಿದ್ದಳು.

"ಯಾಕ, ಏನಾತು?" ಶೌಕತ ಹತ್ತಿರ ಹೋಗಿ ಕೇಳಿದ.

"ನಾಳೆ ಎಂಟ ಮಂದಿ ಬರತಾರ್ರಿ. ಅವ್ರಾಗ ಮೂರ ಮಂದಿ ಎರಡನೇ ಸಲ ಬರಾವ್ರು. ಬಿಳೂರಿನ ಕಥಿ ಹೇಳಿ ಮುಗದೈತಿ, ಫ್ಯೂಜಿನ ಕಥಿ ಮುಗದೈತಿ, ಮುರಗೆಪ್ಪನ ಅರ್ಧ ಮಾರಿದೂ ಮುಗದೈತಿ. ಇನ್ನ ನಗಸ್ಲಾಕ ನನ್ನ ಹಂತ್ಯಾಕ ಒಂದೂ ಕಥಿ ಉಳದಿಲ್ಲ."

ಶೌಕತನಿಗೆ ವಿಷಯದ ಗಾಂಭೀರ್ಯ ತಟ್ಟಿತು. ಇದು ಧಂದೆಯ ಪ್ರಶ್ನೆ. ಅವನು ಕಣ್ಣು ಮುಚ್ಚಿ, ಗದ್ದ ತುರಿಸಿಕೊಂಡು, ಬಹಳ ಹೊತ್ತು ಯೋಚಿಸಿದ. "ನಾಳೆ ಮುಂಜಾನಿ ತನಕ ಟೈಮ ಐತಲ್ಲ," ಎಂದ. "ಹೇಳು, ನಾ ಏನ ಮಾಡ್ಲಿ?"

ನೂರಜಹಾನ ಅವನ ಭುಜದ ಮೇಲೆ ಕೈಯಿಟ್ಟಳು.

"ನೀವೇನೂ ಮಾಡೂದ ಬ್ಯಾಡ್ರಿ. ದಿನಾ ಹ್ಯಾಂಗ ಇರತೀರಿ, ಹಂಗ ಇರ್ರಿ. ಸಾಕು."